ಎಡಗೈ ಮೆತ್ತಿದ ಗೋಡೆ

ಬಸವಲಿಂಗಮ್ಮನಿಗೆ ಸುಣ್ಣದ ವಾಸನೆ ಮೂಗಿಗೆ ಬಡಿದರೆ ನಿದ್ದೆ ಬರುತ್ತಿತ್ತು. ಹನ್ನೆರಡನೇ ವಯಸ್ಸಿಗೇ ಗಾರೆ ಗಾಣದ ಎತ್ತಿನ ಹಿಂದೆ ಸುತ್ತು ಹಾಕಿದವಳು. ಸುಣ್ಣ, ಮರಳು, ಬೆಲ್ಲದ ನೀರು ಕಲ್ಲಿನ ಚಕ್ರದಡಿ ಅರೆದು ಬೆಣ್ಣೆಯಾಗುವವರೆಗೆ ನಡೆದು ನಡೆದು, ನಡೆಯುತ್ತಲೇ ತೂಕಡಿಸುವುದನ್ನು ಕಲಿತಿದ್ದಳು. ಈಗ ವಯಸ್ಸು ಅರವತ್ತೆಂಟು. ಗಾಣದ ಕಲ್ಲು ಯಾರದೋ ಹಿತ್ತಲಲ್ಲಿ ಬಟ್ಟೆ ಒಗೆಯುವ ಬಂಡೆಯಾಗಿದೆ. ಬಾಗೂರಿನ ಸಂತೆಮಾಳದ ಪಕ್ಕದ ಹಳೇ ಛತ್ರದಲ್ಲಿ ಕಸ ಗುಡಿಸಿ, ಬಿಸಿಲು ಒಳಗಿಳಿಯುವ ಹೊತ್ತಿಗೆ ಪಡುವಣ ಗೋಡೆಗೆ ಬೆನ್ನು ಕೊಟ್ಟು ಕೂತರೆ, ಆ ಎತ್ತಿನ ಗೊರಸಿನ ಸದ್ದು ಈಗಲೂ ಅವಳಿಗೆ ಕೇಳುತ್ತಿತ್ತು.

ಆ ಗೋಡೆಗೆ ಗಾರೆ ಮೆತ್ತಿದವನು ಅವಳ ಗಂಡ ರುದ್ರಯ್ಯ. ಆದರೆ ಹೆಸರು ಮಾತ್ರ ಅವಳ ಬಾಯಿಂದ ಊರಲ್ಲಿ ಯಾರೂ ಕೇಳಿದವರಲ್ಲ. ಗಂಡನ ಹೆಸರು ಹೇಳುವ ರೂಢಿ ಅವಳ ಕಾಲದ ಹೆಂಗಸರಿಗಿರಲಿಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದವರ ಮುಖ ನೋಡಿ, "ನೀನೇ ಯೋಳಪ್ಪ" ಅನ್ನುತ್ತಿದ್ದಳು. ಅವನು ತೀರಿಕೊಂಡು ಒಂಬತ್ತು ವರ್ಷವಾದರೂ ಬಾಯಿ ಹಾಗೆಯೇ ಇತ್ತು.

ಪಂಚಾಯ್ತಿಯವರಿಗೆ ಛತ್ರವನ್ನು ಮಕ್ಕಳ ಓದುಮನೆ ಮಾಡುವ ಮನಸ್ಸಾಯಿತು. ಕೆಡವಿ ಕಟ್ಟೋಣವೋ, ಇದ್ದದ್ದನ್ನೇ ರಿಪೇರಿ ಮಾಡೋಣವೋ ಎಂದು ಎರಡು ಮೀಟಿಂಗ್ ಜಗಳ ನಡೆದ ಮೇಲೆ, ಹಾಸನದಿಂದ ತೇಜಶ್ರೀ ಎಂಬ ಎಂಜಿನಿಯರ್ ಹುಡುಗಿಯನ್ನು ಕರೆಸಿದರು. ಅವಳು ಮೂರು ಕಾಲಿನ ಸ್ಟ್ಯಾಂಡ್ ಮೇಲೆ ಸ್ಕ್ಯಾನರ್ ನಿಲ್ಲಿಸಿದಳು. ಅದು ಗಿರ್ರೆನ್ನುತ್ತ ತನ್ನ ಸುತ್ತ ತಾನೇ ನಿಧಾನಕ್ಕೆ ತಿರುಗಿತು.

"ಇದೇನವ್ವ, ಗಾಣ ಸುತ್ತದಂಗೆ ಸುತ್ತುತೈತೆ?" ಎಂದಳು ಬಸವಲಿಂಗಮ್ಮ.

"ಗೋಡೆ ಅಳೀತಿದೆ ಅಜ್ಜಿ. ಲಕ್ಷಾಂತರ ಚುಕ್ಕಿ ಇಟ್ಟು ಇಡೀ ಛತ್ರಾನ ಹಾಗೇ ಕಂಪ್ಯೂಟರ್‌ನಲ್ಲಿ ಇಳಿಸುತ್ತೆ. ಗೋಡೆ ಗಟ್ಟಿಯಿದ್ರೆ ಯಾಕೆ ಕೆಡವಬೇಕು? ಹೊಸ ಇಟ್ಟಿಗೆ ಸುಡೋ ಸೌದೆ, ಹೊಳೆ ಮರಳು, ಸಿಮೆಂಟು ಎಲ್ಲಾ ಉಳಿಯುತ್ತೆ."

ಮಾತು ಬಸವಲಿಂಗಮ್ಮನಿಗೆ ಹಿಡಿಸಿತು. ಹುಡುಗಿ ತಿಳಿದವಳು ಎಂದುಕೊಂಡಳು.

ಆದರೆ ಲ್ಯಾಪ್‌ಟಾಪಿನಲ್ಲಿ ಛತ್ರ ಮೂಡಿದಾಗ ಎಲ್ಲರ ಮುಖ ಇಳಿಯಿತು. ಮೂರು ಗೋಡೆ ತಣ್ಣನೆಯ ಹಸಿರು. ಪಡುವಣ ಗೋಡೆಯ ಮೇಲುಭಾಗ ಮಾತ್ರ ಕೆಂಪು ಕೆಂಪು. ಕೆಂಪೆಂದರೆ ಗೋಡೆ ಮುಂದಕ್ಕೆ ಉಬ್ಬಿದೆ ಎಂದರ್ಥ.

"ಅಲ್ಲಿಗೆ ಮುಗೀತು ಬಿಡಿ ಮೇಡಂ," ಎಂದ ಕಂಟ್ರಾಕ್ಟರ್ ದೇವರಾಜ್. ಅವನು ಕೆಟ್ಟವನೇನಲ್ಲ. "ನಾಳೆ ಓದಾಕೆ ಬಂದ ಮಕ್ಕಳ ಮ್ಯಾಲೆ ಬಿದ್ರೆ ಯಾರು ಜವಾಬ್ದಾರಿ? ಆ ಗೋಡೆ ತೆಗೆದ್ರೆ ತಾರಸಿ ನಿಲ್ಲಾಕಿಲ್ಲ. ಎಲ್ಲಾ ಕೆಡವೋದೇಯ."

ಬಸವಲಿಂಗಮ್ಮ ಪೊರಕೆ ಕೆಳಗಿಟ್ಟು ಬಂದು ಪರದೆಯ ಮುಂದೆ ಬಗ್ಗಿದಳು. ಅವಳ ಕಣ್ಣಿಗೆ ಅಲ್ಲಿ ಕಂಡದ್ದು ಉಬ್ಬಲ್ಲ. ಬೀಸಣಿಗೆ ಬಿಚ್ಚಿಟ್ಟ ಹಾಗೆ ಒಂದರ ಪಕ್ಕ ಒಂದು ಕಮಾನು, ಒಂದೊಂದೂ ಒಂದು ತೋಳಿನಷ್ಟು ಅಗಲ, ಎಲ್ಲವೂ ಎಡದಿಂದ ಎದ್ದು ಬಲಕ್ಕೆ ಇಳಿದಿದ್ದವು. ಅವಳಿಗೆ ಛತ್ರವೂ ಜನವೂ ಮಸುಕಾದವು. ಗೋಡೆಗೆ ಕಟ್ಟಿದ ಬಿದಿರಿನ ಸಾರುವೆಯ ಹಲಗೆ ಕಾಲಡಿ ಜಗ್ಗಿತು, ಬೆವರಿದ ಸೊಂಟವೊಂದು ಕೈಗೆ ತಾಕಿತು, ಕಿವಿಯ ಪಕ್ಕದಲ್ಲೇ ಕರಣೆ ಗೋಡೆಗೆ ಸವರುವ ಸದ್ದು ಕೇಳಿತು.

"ಉಬ್ಬಿಲ್ಲ ಕಣವ್ವ. ಅದು ನಮ್ಮನೆಯೋರ ಕೈ," ಎಂದಳು.

ಯಾರಿಗೂ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಮೂವತ್ತೈದು ವರ್ಷದ ಹಿಂದೆ ಗಂಡ ಹೊಳೆನರಸೀಪುರದಲ್ಲಿ ಸಾರುವೆಯಿಂದ ಬಿದ್ದು, ಅವನಿಗೆ ಬಲಗೈ ಎತ್ತಲಾಗದಂತಾಗಿತ್ತು. ಕೆಲಸ ಕೊಡುವವರಿಲ್ಲ. ಈ ಛತ್ರದ ಒಂದು ಗೋಡೆ ಮಾತ್ರ ಸಿಕ್ಕಿತು. "ಎಡಗೈನಾಗೆ ಮೆತ್ತಿದ್ರು. ಎದೆಮಟ್ಟದವರ್ಗೂ ನೆಟ್ಟಗೆ ಬಂತು. ಮ್ಯಾಲಕ್ಕೆ ಕೈ ಒತ್ತಾಕೆ ಬಲ ಸಾಲ್ಲಿಲ್ಲ, ಗಾರೆ ದಪ್ಪ ಉಳ್ಕಂತು. ಅವ್ರು ಬೀಳ್ದಂಗೆ ನಾನು ಹಿಂದ್ಗಡೆಯಿಂದ ಸೊಂಟ ಇಡ್ಕಂಡು ನಿಂತಿದ್ದೆ."

ದೇವರಾಜ್ ತಲೆ ಕೆರೆದುಕೊಂಡ. ತೇಜಶ್ರೀ ಮಾತ್ರ ಪರದೆಯನ್ನೂ ಗೋಡೆಯನ್ನೂ ತಿರುತಿರುಗಿ ನೋಡಿದಳು. "ಇರಬಹುದು ಅಜ್ಜಿ. ಆದ್ರೆ ನಂಬೋಕೆ ಒಳಗಿನ ಇಟ್ಟಿಗೆ ನೋಡ್ಬೇಕು. ಉಬ್ಬಿದ್ದು ಗೋಡೇನೇ ಆದ್ರೆ ಇಟ್ಟಿಗೇನೂ ಮುಂದೆ ಬಂದಿರುತ್ತೆ. ಎಲ್ಲಿ ಜಾಸ್ತಿ ಕೆಂಪಿದೆಯೋ ಅಲ್ಲೇ ಗಾರೆ ಒಡೀಬೇಕು."

ಯಾವ ಗೋಡೆ ಉಳಿಯಲಿ ಎಂದು ಬಾಯಿಬಿಟ್ಟಳೋ ಅದನ್ನೇ ಒಡೆಯಬೇಕಂತೆ! ದೇವರಾಜನ ಕೆಲಸಗಾರ ಸುತ್ತಿಗೆ ಎತ್ತಿದಾಗ ಬಸವಲಿಂಗಮ್ಮ ಅಡ್ಡ ಬಂದಳು.

"ನೀನು ಬ್ಯಾಡ ಕಣಪ್ಪ. ಉಳಿ ಇಲ್ಲಿ ಕೊಡು."

ಏಣಿ ಹತ್ತಿದಳು. ಈ ಸಲ ತೇಜಶ್ರೀ ಹಿಂದಿನಿಂದ ಅವಳ ಸೊಂಟ ಹಿಡಿದು ನಿಂತಳು. ಗಾರೆ ಸುಲಭಕ್ಕೆ ಬಿಡಲಿಲ್ಲ; ಒಂದೊಂದು ಚಕ್ಕೆ ಎದ್ದಾಗಲೂ ಮುದುಕಿಯ ಕಣ್ಣಲ್ಲಿ ನೀರಾಡಿತು. ಸುಣ್ಣದ ಧೂಳು ಬಿಸಿಲಲ್ಲಿ ತೇಲಿ, ತಲೆಯ ಮೇಲೆ, ರೆಪ್ಪೆಯ ಮೇಲೆ ಮೆಲ್ಲಗೆ ಕೂತಿತು. ಅದೇ ವಾಸನೆ. ಅಂಗೈಯಗಲ ಒಡೆದ ಮೇಲೆ ಇಟ್ಟಿಗೆ ಕಂಡಿತು. ದೇವರಾಜ್ ಮೇಲಿನಿಂದ ತೂಗುಗುಂಡು ಇಳಿಬಿಟ್ಟ. ಬುಡದಲ್ಲಿ ಮೊದಲೇ ಗಾರೆ ಉದುರಿದ್ದ ಜಾಗದ ಇಟ್ಟಿಗೆಗೂ ಮೇಲಿನ ಇಟ್ಟಿಗೆಗೂ ದಾರದಿಂದ ಒಂದೇ ದೂರ. ಇನ್ನೆರಡು ಕಡೆ ಒಡೆದು ನೋಡಿದರು, ಅಲ್ಲೂ ಹಾಗೆಯೇ.

"ಗೋಡೆ ನೆಟ್ಟಗೆ ಕಡ್ಡಿ ಇದ್ದಂಗೈತೆ ಕಣಜ್ಜಿ," ಎಂದ ದೇವರಾಜ್, ತನಗೇ ಸಮಾಧಾನವಾದವನಂತೆ.

ಕೆಡವುವ ಮಾತು ಅಲ್ಲಿಗೆ ನಿಂತಿತು. ಒಡೆದ ಮೂರು ಜಾಗಕ್ಕೂ ಗಾರೆಯೇ ಆಗಬೇಕು, ಸಿಮೆಂಟು ಆ ಹಳೇ ಮೈಗೆ ಹೊಂದುವುದಿಲ್ಲ ಎಂದಳು ತೇಜಶ್ರೀ. ಗಾರೆ ಅರೆಯುವವರಲ್ಲಿ ಊರಿನಲ್ಲಿ ಉಳಿದಿದ್ದವಳು ಒಬ್ಬಳೇ. ಬಸವಲಿಂಗಮ್ಮ ಸುಣ್ಣ ನೆನೆಹಾಕಿ, ವಾರಗಟ್ಟಲೆ ಕಾದು, ಒರಳಲ್ಲಿ ತಾನೇ ಅರೆದಳು. ಕರಣೆ ಹಿಡಿದವಳಲ್ಲ ಅವಳು; ಹಾಗಾಗಿ ಕೈಯಲ್ಲೇ ಮೆತ್ತಿ, ಅಂಗೈಯಲ್ಲೇ ಒತ್ತಿದಳು.

ಗಾರೆ ಒಣಗಿದ ಮೇಲೆ ತೇಜಶ್ರೀ ಮತ್ತೆ ಬಂದು ಸ್ಕ್ಯಾನರ್ ತಿರುಗಿಸಿದಳು. ಪರದೆಯ ಮೇಲೆ ಆ ತೋಳಗಲದ ಕಮಾನುಗಳ ನಡುವೆ ಮೂರು ಪುಟ್ಟ ದಿಣ್ಣೆಗಳು ಹೊಸದಾಗಿ ಮೂಡಿದ್ದವು, ಒಂದೊಂದೂ ಅಂಗೈಯಷ್ಟು.

"ರಿಪೋರ್ಟಿಗೆ ಹಾಕ್ಬೇಕು ಅಜ್ಜಿ. ಈ ಮೂರು ಯಾರ ಕೆಲಸ ಅಂತ ಬರೀಲಿ?"

"ಬಸವಲಿಂಗಮ್ಮ ಅಂತ ಬರಿಯವ್ವ."

"ಈ ದೊಡ್ಡವು?"

ದೇವರಾಜ್ ರೂಢಿಯಂತೆ ಅವಳ ಬದಲು ಹೆಸರು ಹೇಳಲು ಬಾಯಿ ತೆರೆದ. ಬಸವಲಿಂಗಮ್ಮ ಕೈಯೆತ್ತಿ ಅವನನ್ನು ತಡೆದಳು. ಐವತ್ತು ವರ್ಷ ಆ ಹೆಸರು ಹೇಳದ ಬಾಯಿ. ಮೊದಲು ಬರೀ ಉಸಿರು ಬಂತು. ಆಮೇಲೆ ಹೆಸರು.

"ರುದ್ರಯ್ಯ," ಎಂದಳು. "ನನ್ನ ಯಜಮಾನ."