ಕೊರಕಲಿನ ಗಾಳಿ

ವಡೋದರಾದ ಮಂಜಲ್‌ಪುರದಲ್ಲಿ ನಾನು ಬಾಡಿಗೆಗಿದ್ದ ವಸತಿ ಸೊಸೈಟಿಯ ಹಿಂಗೋಡೆಯಾಚೆ ಒಂದು ಕೊರಕಲು ಇತ್ತು. ಮಳೆಗಾಲದಲ್ಲಿ ಅದರ ನೀರು ವಿಶ್ವಾಮಿತ್ರಿ ನದಿಗೆ ಸೇರುತ್ತಿತ್ತು. ಉಳಿದ ದಿನಗಳಲ್ಲಿ ಜನ ಅಲ್ಲಿ ಕಸ ಎಸೆಯುತ್ತಿದ್ದರು. ತಳದಲ್ಲಿ ಜೊಂಡು, ಇಳಿಜಾರಿನಲ್ಲಿ ಹುಲ್ಲು ಮತ್ತು ಪೊದೆ, ಮೇಲೆ ಜಾಲಿ, ಅಂಚಿನಲ್ಲಿ ಬೇವು, ಹೊಂಗೆ. ಇವೆಲ್ಲಕ್ಕೂ ಅಮೃತಬಳ್ಳಿ ಸುತ್ತಿಕೊಂಡಿತ್ತು. ಯಾರೂ ನೆಟ್ಟದ್ದಲ್ಲ. ನೋಡಲು ಚೆಂದವೂ ಇರಲಿಲ್ಲ.

ಎದುರು ಫ್ಲಾಟಿನಲ್ಲಿ ಕಲಬುರಗಿ ಕಡೆಯ ದಂಪತಿ ಇದ್ದರು. ಗಂಡ ರೈಲ್ವೆ ಕಚೇರಿಯಲ್ಲಿ ನೌಕರ. ಹೆಂಡತಿಗೆ ಹಳೆಯ ಉಬ್ಬಸ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಸೆಕೆಗೆ ಅವರ ಕೆಮ್ಮು ಹೆಚ್ಚುತ್ತಿತ್ತು, ಎ.ಸಿ.ಯ ತಣ್ಣನೆ ಗಾಳಿಗೂ ಹೆಚ್ಚುತ್ತಿತ್ತು. ಮೇ ತಿಂಗಳಲ್ಲಿ ಅವರಿಗೆ ಸಲೀಸಾಗಿ ಉಸಿರಾಡಲು ಉಳಿದಿದ್ದ ಜಾಗವೆಂದರೆ ಕೊರಕಲಿನ ಕಡೆಯ ಬಾಲ್ಕನಿ. ಬಿಸಿಲು ಇಳಿಯುತ್ತಲೇ ಅಲ್ಲಿ ಕುಳಿತು ತರಕಾರಿ ಹೆಚ್ಚುತ್ತಿದ್ದರು, ಊರಿಗೆ ಫೋನು ಮಾಡುತ್ತಿದ್ದರು. ಕಲಬುರಗಿಯವರಿಗೆ ಇದೊಂದು ಬಿಸಿಲೇ ಎಂದು ನಾನು ರೇಗಿಸಿದರೆ, ತಮ್ಮೂರ ಬಿಸಿಲಿಗೆ ಮರ್ಯಾದೆಯಿದೆ, ಸಂಜೆಯಾದರೆ ಮನೆಗೆ ಹೋಗುತ್ತದೆ, ಇಲ್ಲಿಯದು ಗೋಡೆಯೊಳಗೇ ಬಿಡಾರ ಹೂಡುತ್ತದೆ ಎನ್ನುತ್ತಿದ್ದರು.

ಆ ಬೇಸಿಗೆಯಲ್ಲಿ ಪಕ್ಕದ ಹೊಸ ಕಟ್ಟಡದ ಬಿಲ್ಡರ್, ಕೊರಕಲನ್ನು ತುಂಬಿ ಉದ್ಯಾನ ಮಾಡಲು ನಗರಪಾಲಿಕೆಯ ಅನುಮತಿ ಕೇಳಿದ. ಲಾನ್, ಸಾಲು ಪಾಮ್ ಗಿಡಗಳು, ನಡೆಯಲು ಕಾಂಕ್ರೀಟ್ ಬಿಲ್ಲೆ ಹಾಸಿದ ದಾರಿ. ಹಾವಿನ ಕಾಟ ತಪ್ಪಿತೆಂದು ಸೊಸೈಟಿಯ ಬಹುತೇಕರು ಸಂತೋಷಪಟ್ಟರು. ಆಕ್ಷೇಪಣೆ ಇದ್ದವರು ಗುರುವಾರದ ವಿಚಾರಣೆಯಲ್ಲಿ ಪಾಲಿಕೆಯ ಅಧಿಕಾರಿಯ ಮುಂದೆ ಹೇಳಬಹುದಿತ್ತು. ಅರ್ಜಿ ಹಾಕಿದವರು ಅಕ್ಕ ಒಬ್ಬರೇ.

ನಾನು ಆಗ ಒಂದು ಇಂಗ್ಲಿಷ್ ಪತ್ರಿಕೆಯ ವರದಿಗಾರ. ಕೆಲಸದ ಮೇಲೆ ಮೂರು ನಗರಗಳಲ್ಲಿ ಓಡಾಡುತ್ತ, ಹೋದಲ್ಲೆಲ್ಲ ಥರ್ಮಾಮೀಟರ್ ಇಟ್ಟು ಬಿಸಿಯನ್ನು ಬರೆದುಕೊಳ್ಳುತ್ತಿದ್ದೆ. ಹಸಿರು ಎಂಬುದು ಎಲ್ಲ ಕಡೆ ಒಂದೇ ಕೆಲಸ ಮಾಡುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಹಾಗೆ. ಅಹಮದಾಬಾದಿನ ಹೊರವಲಯದ ಮುಳ್ಳುಪೊದೆಗಳು ತೆಳುವಾದ ನೆರಳು ಕೊಡುತ್ತಿದ್ದವು, ಗಾಳಿಯನ್ನು ತಂಪು ಮಾಡುತ್ತಿರಲಿಲ್ಲ. ಆದರೆ ಅವು ಇದ್ದಲ್ಲಿ ಧೂಳು ಏಳುತ್ತಿರಲಿಲ್ಲ. ಸೂರತ್‌ನ ಅಳಿವೆಯಲ್ಲಿ, ಉಪ್ಪುನೀರಿನೊಳಗೆ ನಿಂತ ಮ್ಯಾಂಗ್ರೋವ್ ಗಿಡಗಳ ಬಳಿ ಬಿಸಿ ಕಡಿಮೆ, ಬೆವರು ಹೆಚ್ಚು. ಅಲ್ಲಿಂದ ಅದೇ ಊರಿನ ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಮಿಲ್ಲುಗಳ ಬೀದಿಗೆ ಬಂದರೆ ಪಾದರಸ ಕಣ್ಣೆದುರೇ ಏರುತ್ತಿತ್ತು. ಲಾನ್ ನೀರು ಹಾಯಿಸಿದಷ್ಟು ಹೊತ್ತು ಮಾತ್ರ ತಂಪು. ನಮ್ಮ ಕೊರಕಲಿನಲ್ಲಿ ಬೇರುಗಳು ಆಳದ ತೇವವನ್ನು ಎಳೆದುಕೊಳ್ಳುತ್ತಿದ್ದವು, ಎಲೆಗಳು ಅದನ್ನು ಗಾಳಿಗೆ ಬಿಡುತ್ತಿದ್ದವು, ಒಂದರ ಮೇಲೊಂದು ಬೆಳೆದ ಗಿಡಗಳು ನೆಲಕ್ಕೆ ಬಿಸಿಲು ತಾಗಲು ಬಿಡುತ್ತಿರಲಿಲ್ಲ. ಎರಡು ವಾರ ಸಂಜೆ ಅಕ್ಕನ ಬಾಲ್ಕನಿಯಲ್ಲೂ ಸೊಸೈಟಿಯ ಮುಂಬಾಗಿಲಲ್ಲೂ ಅಳೆದಿದ್ದೆ. ಒಂದೇ ಕಟ್ಟಡ, ಎರಡು ಹವೆ.

ವಿಚಾರಣೆಯ ಹಿಂದಿನ ದಿನ ಅಕ್ಕ ಬಂದು ನಾನು ಅಳೆದು ಬರೆದಿಟ್ಟ ಅಂಕಿಗಳ ಪಟ್ಟಿ ಕೇಳಿದರು.

"ಅಚ್ಚಾಗೋಕೆ ಮುಂಚೆ ಹೊರಗೆ ಕೊಡೋ ಹಾಗಿಲ್ಲ ಅಕ್ಕ. ಬಿಲ್ಡರ್ ಕಡೆಯವರ ಮಾತೂ ಬರಬೇಕು, ಆಮೇಲೆ ಪೇಪರ್‌ನಲ್ಲೇ ಬರುತ್ತೆ."

"ನಿಮ್ ಪೇಪರ್ ಬರೋದ್ರಾಗ ಜೆಸಿಬಿ ನಾಷ್ಟಾ ಮಾಡಿ ಮುಗಸಿರ್ತದ ತಮ್ಮಾ."

ನಾನು ನಕ್ಕೆ. ಅವರೂ ಸ್ವಲ್ಪ ನಕ್ಕರು. ವರದಿಗಾರನ ಟಿಪ್ಪಣಿ ಯಾವ ಒಂದು ಪಕ್ಷದ ಸಾಕ್ಷ್ಯವೂ ಆಗಬಾರದು, ಇನ್ನೊಂದು ಕಡೆಯವರ ಪ್ರತಿಕ್ರಿಯೆ ಇಲ್ಲದೆ ವರದಿ ಹೋಗಬಾರದು. ಇದನ್ನು ನನಗೆ ಕಲಿಸಿದವರು ಒಳ್ಳೆಯ ಪತ್ರಕರ್ತರು. ಬಿಲ್ಡರ್‌ಗೆ ಮೂರು ಸಲ ಫೋನು ಮಾಡಿದ್ದೆ. ತಿರುಗಿ ಕರೆಯುತ್ತೇವೆ ಎಂದಿದ್ದರು. ಕಾಯುವುದು ನ್ಯಾಯವೆಂದೇ ನಂಬಿದ್ದೆ.

ಗುರುವಾರ ಅಧಿಕಾರಿಯ ಕೋಣೆಯಲ್ಲಿ ಪತ್ರಕರ್ತರಿಗೆಂದು ಇಟ್ಟ ಕುರ್ಚಿಯಲ್ಲಿ ಕುಳಿತಿದ್ದೆ. ಅಕ್ಕ ತಮಗೆ ಬರುತ್ತಿದ್ದ ಹಿಂದಿಯಲ್ಲಿ, ಆ ಗಿಡಗಳಿಂದ ತಂಪು ಗಾಳಿ ಬರುತ್ತದೆ, ಅದಿಲ್ಲದಿದ್ದರೆ ತಮಗೆ ಉಸಿರಾಟ ಕಷ್ಟ ಎಂದರು. ಅಧಿಕಾರಿ ಒರಟನಲ್ಲ. ಲಿಖಿತ ಆಧಾರ ಏನಾದರೂ ಇದೆಯೇ ಎಂದು ಕೇಳಿದ. ಇಲ್ಲ ಎಂದರು. ಉದ್ಯಾನದಲ್ಲೂ ಗಿಡಗಳೇ ಇರುತ್ತವಲ್ಲ ಎಂದು ಬಿಲ್ಡರ್ ಕಡೆಯವನು ಹೇಳಿದ, ಕೆಲವರು ನಕ್ಕರು. ಅಕ್ಕ ನನ್ನ ಕಡೆ ನೋಡಲಿಲ್ಲ. ಪಟ್ಟಿ ಇದ್ದ ಪುಸ್ತಕ ನನ್ನ ತೊಡೆಯ ಮೇಲಿತ್ತು. ಅದರದೇ ಹೊಸ ಪುಟದಲ್ಲಿ ಅವರ ಮಾತನ್ನು ಬರೆದುಕೊಂಡೆ.

ಅನುಮತಿ ಸಿಕ್ಕಿತು. ಮರುದಿನ ಬಿಲ್ಡರ್‌ನ ಪ್ರತಿಕ್ರಿಯೆಯೂ ಸಿಕ್ಕಿತು. ವರದಿ ಭಾನುವಾರ ಬಂತು. ಎರಡೂ ಕಡೆಯ ಮಾತಿತ್ತು, ಅಂಕಿಗಳೆಲ್ಲ ಸರಿಯಿದ್ದವು. ಸಂಪಾದಕರು ಮೆಚ್ಚಿಕೊಂಡರು. ಜೆಸಿಬಿ ಶನಿವಾರವೇ ಬಂದಿತ್ತು.

ಮುಂದಿನ ಬೇಸಿಗೆಗೆ ಲಾನ್ ಹಳದಿಯಾಗಿತ್ತು. ಬಾಲ್ಕನಿಗೆ ಕಾಂಕ್ರೀಟಿನ ಬಿಸಿ ಹೊಡೆಯುತ್ತಿತ್ತು. ಅಕ್ಕ ಅದರ ಬಾಗಿಲಿಗೆ ಒದ್ದೆ ಚಾದರ ಕಟ್ಟಿದರು. ಎರಡು ಸಲ ಆಸ್ಪತ್ರೆ ಸೇರಿದರು. ಗಂಡ ಬೇರೆ ಊರಿಗೆ ವರ್ಗ ಕೇಳಿದರು. ಹುದ್ದೆ ಖಾಲಿ ಇದ್ದದ್ದು ಸೂರತ್‌ನ ಮಿಲ್ಲುಗಳ ನಡುವಿನ ಉಧ್ನಾದಲ್ಲಿ ಮಾತ್ರ.

ಹೋದ ವರ್ಷ ಸೂರತ್‌ಗೆ ಹೋದಾಗ ಅವರ ಕ್ವಾರ್ಟರ್ಸಿಗೆ ಹೋಗಿದ್ದೆ. ಸುತ್ತ ತಗಡಿನ ಛಾವಣಿಗಳು. ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಅಕ್ಕ ಚಹಾ ಕೊಟ್ಟು, ನನ್ನ ಮನೆಯವರನ್ನೆಲ್ಲ ವಿಚಾರಿಸಿದರು. ಪ್ರತಿ ಮಾತಿನ ನಡುವೆಯೂ ನಿಂತು ಉಸಿರು ಎಳೆದುಕೊಳ್ಳುತ್ತಿದ್ದರು.

ಆ ದಿನ ಪಟ್ಟಿ ಕೊಡಬೇಕಿತ್ತು ಎಂದೆ. ಇರಲಿ ಬಿಡು ಎನ್ನುತ್ತಾರೆಂದು ಎಣಿಸಿದ್ದೆ.

"ಹೌದು ತಮ್ಮಾ," ಎಂದರು, "ಕೊಡಬೇಕಿತ್ತು."

ಅವರ ಗಂಡ ನೆಬ್ಯುಲೈಸರ್ ತಂದು ಪ್ಲಗ್ ಹಾಕಿದರು. ಅಕ್ಕ ಮುಖಕ್ಕೆ ಮಾಸ್ಕ್ ಹಿಡಿದುಕೊಂಡರು. ಯಂತ್ರದ ಸದ್ದಿನಲ್ಲಿ ಮತ್ತೆ ಮಾತಾಡುವಂತಿರಲಿಲ್ಲ.