ಕರ್ಕಿಯಲ್ಲಿ ಸಿಕ್ಕ ಕಾರ್ಡು

ಕಳೆದ ವಾರ ಕುಮಟೆಯಲ್ಲಿ ಬಾಡಿಗೆ ಕೋಣೆ ಬದಲಿಸುವಾಗ ಟ್ರಂಕಿನ ತಳದಲ್ಲಿ ಒಂದು ಕಾರ್ಡು ಸಿಕ್ಕಿತು. ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಬಾಯಿಯನ್ನು ಮೇಣದಬತ್ತಿಯ ಉರಿಯಲ್ಲಿ ಕರಗಿಸಿ ಮುಚ್ಚಿದ ಕಾರ್ಡು. ಪ್ಲಾಸ್ಟಿಕ್ ಹಳದಿಗಟ್ಟಿತ್ತು. ಮೂಗಿನ ಹತ್ತಿರ ಹಿಡಿದೆ. ಒಣಸಿಗಡಿಯ ವಾಸನೆ, ಅದರ ಹಿಂದೆ ಸ್ವಲ್ಪ ಹೊಗೆ... ಹತ್ತು ವರ್ಷಗಳ ಮೇಲೆ ಆ ವಾಸನೆ ಉಳಿದಿರಲಾರದು. ನನ್ನ ಮೂಗು ಎಲ್ಲಿಂದಲೋ ತಂದುಕೊಂಡಿರಬೇಕು.

ಕಾರ್ಡಿನ ಮೇಲೆ ನನ್ನದೇ ಅಕ್ಷರ. 'ಇದು ಸಿಕ್ಕವರು ಸಿಕ್ಕಿದ ಜಾಗ, ಸಿಕ್ಕಿದ ದಿನ ಮತ್ತು ತಮ್ಮ ಹೆಸರನ್ನು ಬರೆದು ದಯವಿಟ್ಟು ಅಂಚೆಗೆ ಹಾಕಿರಿ.' ಕೆಳಗೆ ಮೂರು ಗೆರೆ. ಮೂರೂ ಖಾಲಿ.

ಇದನ್ನು ನನ್ನ ಕೈಗೆ ಕೊಟ್ಟವಳು ಚಿಕ್ಕಿ. ಸಂಬಂಧದಲ್ಲಿ ಅವಳು ನಮಗೆ ಏನೂ ಆಗಬೇಕಿರಲಿಲ್ಲ. ಹೊನ್ನಾವರದ ಹೊಳೆಯಾಚೆ, ಕಾಸರಕೋಡಿನಲ್ಲಿ, ನಮ್ಮ ಮನೆಗೂ ಅವಳ ಮನೆಗೂ ನಡುವೆ ಮೀನು ಒಣಗಿಸುವ ಒಂದು ಅಂಗಳವಿತ್ತು, ಅಷ್ಟೆ. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಕೇರಿಯ ಮಕ್ಕಳಿಗೆಲ್ಲ ಅವಳು ಚಿಕ್ಕಿಯೇ. ಸಿಗಡಿ ಒಣಗಿಸಿ ಬುಟ್ಟಿ ಹೊತ್ತು ಶಿರಾಲಿಯ ತನಕ ಹೋಗಿ ಮಾರಿ ಬರುತ್ತಿದ್ದಳು. ಓದಲು ಬರೆಯಲು ಬರುತ್ತಿರಲಿಲ್ಲ.

ನನ್ನ ಅಪ್ಪ ದೋಣಿಯ ತಂಡೇಲ, ಅದನ್ನು ನಡೆಸುವವರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಲೆಯನ್ನು ದೋಣಿಗೆ ಹೇರಿ, ಹೊರಡುವ ಮೊದಲು ಆ ಅಂಗಳದ ಅಂಚಿಗೆ ಬಂದು ನಿಲ್ಲುತ್ತಿದ್ದರು.

"ನೀರು ಎತ್ತ?"

ಚಿಕ್ಕಿ ತಲೆ ಎತ್ತದೆ ಸಿಗಡಿ ಹರವುತ್ತಲೇ, "ಬಡಗ" ಎನ್ನುತ್ತಿದ್ದಳು. ಇಲ್ಲವೇ "ತೆಂಕ." ಒಮ್ಮೊಮ್ಮೆ, "ಇವತ್ತು ನಿಂತದೆ. ನಾಳೆ ಕೇಳು."

ಅಪ್ಪನ ಬಲೆ ತೇಲುವ ಬಲೆ. ಕಡಲಿನಲ್ಲಿ ಬಿಟ್ಟರೆ ನೀರು ಒಯ್ದತ್ತ ಹೋಗುತ್ತದೆ, ದೋಣಿಯನ್ನೂ ಎಳೆದೊಯ್ಯುತ್ತದೆ. ನೀರು ಬಡಗು ದಿಕ್ಕಿಗೆ, ಎಂದರೆ ಉತ್ತರಕ್ಕೆ, ಹರಿಯುತ್ತಿದ್ದರೆ ತೆಂಕಲ್ಲಿ ಹೋಗಿ ಬಿಡಬೇಕು, ಆಗ ಬೆಳಗಿಗೆ ದೋಣಿ ಮನೆಯ ಎದುರು ಇರುತ್ತದೆ. ತಪ್ಪಿದರೆ ಇಡೀ ಬೆಳಗು ಹುಟ್ಟು ಹಾಕುತ್ತ ಬರಬೇಕು. ಹಾಗಾಗಿ ಅದು ಕುಶಲ ಕೇಳುವ ಮಾತಾಗಿರಲಿಲ್ಲ. ಅಪ್ಪ ಯಾರನ್ನಾದರೂ ಏನನ್ನಾದರೂ ಕೇಳಿ ತಿಳಿದುಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ, ದಿನಾ ಅದೊಂದೇ ಸಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ನಾನು ಕಾರವಾರದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಕಡಲಿನ ವಿಷಯವೇ. ಗಾಳಿ ನೀರಿನ ಮೈಯನ್ನು ಉಜ್ಜಿ ಹೇಗೆ ಮೇಲಿನ ಪದರವನ್ನು ಎಳೆದೊಯ್ಯುತ್ತದೆ, ಭೂಮಿ ತಿರುಗುವುದರಿಂದ ನಮ್ಮ ಗೋಲಾರ್ಧದಲ್ಲಿ ಆ ನೀರು ಗಾಳಿಯ ಬಲಕ್ಕೆ ಹೇಗೆ ಓರೆಯಾಗುತ್ತದೆ, ಎಲ್ಲವನ್ನೂ ಬಾಣದ ಗುರುತು ಹಾಕಿ ಬಿಡಿಸಬಲ್ಲವಳಾಗಿದ್ದೆ. ರಜೆಗೆ ಬಂದಾಗ ಮಧ್ಯಾಹ್ನ ಜಗುಲಿಯ ಮೇಲೆ ಪುಸ್ತಕ ಹಿಡಿದು ಕುಳಿತಿರುತ್ತಿದ್ದೆ. ಅಪ್ಪ ನನ್ನನ್ನು ದಾಟಿ ಅಂಗಳದ ಅಂಚಿಗೆ ಹೋಗುತ್ತಿದ್ದರು. ಒಂದು ದಿನ ನನ್ನ ಹತ್ತಿರ ನಿಂತು ಕೇಳಿಯಾರು ಎಂದು ಕಾದೆ. ಅದಕ್ಕಾಗಿಯೇ ಅಲ್ಲಿ ಕುಳಿತಿರುತ್ತಿದ್ದೆ ಎನ್ನುವುದು ಯಾರಿಗೂ ಗೊತ್ತಿರಲಿಲ್ಲ.

ಕೊನೆಯ ವರ್ಷದ ಪ್ರಬಂಧಕ್ಕೆ ನಮ್ಮ ಮೇಷ್ಟ್ರು ಒಂದು ಕೆಲಸ ಕೊಟ್ಟರು. ನೂರು ಕಾರ್ಡುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಹೊನ್ನಾವರದ ಎದುರು ಕಡಲಿಗೆ ಬಿಡುವುದು, ಎಲ್ಲೆಲ್ಲಿ ದಡ ಸೇರುತ್ತವೆ ಎಂದು ಅಂಚೆಯಲ್ಲಿ ಬಂದದ್ದನ್ನು ಗುರುತು ಹಾಕಿಕೊಳ್ಳುವುದು. ದೀಪಾವಳಿ ಕಳೆದು ಚಳಿ ಹಿಡಿದ ದಿನಗಳು. ಜಗುಲಿಯಲ್ಲಿ ಕುಳಿತು ಪ್ಲಾಸ್ಟಿಕ್ ಕರಗಿಸಿ ಮುಚ್ಚುತ್ತಿದ್ದೆ. ಚಿಕ್ಕಿ ಬಂದು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತಳು.

"ಎಂತ ಮಾಡ್ತೆ ತಂಗೀ?"

ಹೇಳಿದೆ.

"ಅಯ್ಯ ಮಾರಾಯ್ತಿ, ಇಷ್ಟು ದೊಡ್ಡ ಅಂಚೆ ಡಬ್ಬಿ ನಾ ಕಂಡಿಲ್ಲ" ಎಂದು ನಕ್ಕಳು. ಒಂದು ಕಾರ್ಡನ್ನು ಎತ್ತಿ ತಿರುಗಿಸಿ ನೋಡಿದಳು. "ಎತ್ತ ಹೋತದೆ ಇದು?"

"ಗಾಳಿ ಬಡಗಿಂದ ಬೀಸ್ತಾ ಇದೆ. ತೆಂಕಿಗೆ ಹೋಗ್ತದೆ. ಶಿರಾಲಿ, ತೆಂಗಿನಗುಂಡಿ, ಆ ಕಡೆ."

ಚಿಕ್ಕಿ ಕಾರ್ಡನ್ನು ಮೆಲ್ಲಗೆ ಕೆಳಗಿಟ್ಟಳು. "ಗಾಳಿ ಬಡಗಿಂದ ಬತ್ತದೆ, ಹೌದು. ನೀರು ಬಡಗ ಹೋತದೆ. ನಿನ್ನ ಕಾಗದ ಕುಮಟೆ ದಿಕ್ಕಿಗೆ ಹೋತದೆ."

"ಗಾಳಿಗೆ ಎದುರಾಗಿ ನೀರು ಹೋಗ್ತದಾ ಚಿಕ್ಕಿ?"

"ಎಂತಕ್ಕೆ ಹೋತದೆ ಅಂತ ನಂಗೆ ಗೊತ್ತಿಲ್ಲ. ಹೋಪುದು ಹೌದು."

ಅಪ್ಪ ಬಲೆ ಜೋಡಿಸುತ್ತ ಕೇಳಿಸಿಕೊಳ್ಳುತ್ತಿದ್ದರು. ಮಾರನೆಯ ದಿನ ಅವರ ದೋಣಿಯಲ್ಲೇ ಹೋಗಿ ಕಾರ್ಡುಗಳನ್ನು ಬಿಟ್ಟೆವು. ಅವು ಬಿಳಿಯಾಗಿ ಹರಡಿಕೊಂಡವು. ಅಪ್ಪ ಅವುಗಳನ್ನು ಸ್ವಲ್ಪ ಹೊತ್ತು ನೋಡಿ, ನನ್ನ ಕಡೆ ನೋಡದೆ, ದೋಣಿ ತಿರುಗಿಸಿದರು.

ನಾನು ಬಸ್ಸು ಹಿಡಿದು ಭಟ್ಕಳಕ್ಕೆ ಹೋದೆ. ಶಿರಾಲಿಯ ಅಂಗಡಿಗಳಲ್ಲಿ ಹೇಳಿದೆ. ತೆಂಗಿನಗುಂಡಿಯ ಮರಳಿನಲ್ಲಿ ಎರಡು ದಿನ ನಡೆದೆ. ಬಲೆ ಒಣಗಿಸುತ್ತಿದ್ದ ಹೆಂಗಸೊಬ್ಬಳು, "ಎಂತ ಹುಡುಕ್ತೆ?" ಎಂದು ಕೇಳಿದಳು. ಕಾಗದ ಎಂದೆ. "ಕಾಗದ ಬೇಕಾದ್ರೆ ಅಂಗಡಿಗೆ ಹೋಗು. ಇಲ್ಲಿ ಮಳೆಗಾಲದಾಗೆ ಚಪ್ಪಲಿ ಬತ್ತದೆ. ಈಗ ಎಂತದೂ ಬರೂದಿಲ್ಲ." ಪಕ್ಕದಲ್ಲಿದ್ದವರು ನಕ್ಕರು. ಒಂದು ಕಾರ್ಡೂ ಸಿಗಲಿಲ್ಲ.

ಹದಿನೈದು ದಿನಗಳಲ್ಲಿ ಕಾಲೇಜಿನ ವಿಳಾಸಕ್ಕೆ ಕಾರ್ಡುಗಳು ಬರತೊಡಗಿದವು. ಹಳದೀಪುರ. ಧಾರೇಶ್ವರ. ಕುಮಟೆ. ಒಂದು ಗೋಕರ್ಣದಿಂದ. ಎಲ್ಲವೂ ಬಡಗಿನವು. ಅವನ್ನು ನಕ್ಷೆಯ ಮೇಲೆ ಗುರುತಿಸುವಾಗ ನನಗೆ ಬಂದದ್ದು ಬೆರಗಲ್ಲ, ನಾಚಿಕೆಯೂ ಅಲ್ಲ. ಹೊಟ್ಟೆಕಿಚ್ಚು. ಆ ಮೂರನ್ನೂ ಬೇರೆ ಮಾಡಿ ನೋಡುವಷ್ಟು ತಿಳಿವು ಆಗಲೂ ನನಗಿತ್ತು.

ಮೇಷ್ಟ್ರಿಗೆ ಚಿಕ್ಕಿಯ ಮಾತನ್ನು ಹೇಳಬಾರದಿತ್ತು. ಬಾಯಿ ತಪ್ಪಿ ಹೇಳಿದೆ. ಅವರು ಮುಂದಿನ ಭಾನುವಾರವೇ ಕಾಸರಕೋಡಿಗೆ ಬಂದರು. ನಮ್ಮ ಜಗುಲಿಯಲ್ಲಿ ಕುರ್ಚಿ ಹಾಕಿದ್ದೆ. ಅವರು ಅದರಲ್ಲಿ ಕೂರದೆ ಚಿಕ್ಕಿಯ ಅಂಗಳಕ್ಕೆ ಹೋಗಿ, ಮಗುಚಿಟ್ಟ ಬುಟ್ಟಿಯ ಮೇಲೆ ಕುಳಿತರು.

"ನಿಮಗೆ ಹೇಗೆ ಗೊತ್ತಾಗುತ್ತದೆ ಅಮ್ಮಾ?"

"ಸೌದೆಯಿಂದ" ಎಂದಳು ಚಿಕ್ಕಿ.

ಅಷ್ಟೇ. ಶರಾವತಿ ಮೇಲಿಂದ ಕೊಂಬೆ, ಅಡಿಕೆ ಸೋಗೆ, ತೆಂಗಿನ ಸಿಪ್ಪೆ ಎಲ್ಲವನ್ನೂ ತಂದು ಅಳಿವೆಯಲ್ಲಿ ಕಡಲಿಗೆ ಹಾಕುತ್ತದೆ. ಮಳೆಗಾಲದಲ್ಲಿ ಅವು ತೆಂಕಿಗೆ ತಿರುಗಿ ನಮ್ಮ ಕಾಸರಕೋಡಿನ ಮರಳಿಗೆ ಬಂದು ಬೀಳುತ್ತವೆ. "ಆವಾಗ ಒಲೆ ಸೌದೆ ಬಾಗಿಲಿಗೇ ಬತ್ತದೆ. ದೀಪಾವಳಿ ಆತು ಅಂದ್ರೆ ಒಂದು ಕಡ್ಡಿ ಬರೂದಿಲ್ಲ. ಹೊಳೆ ದಾಟಿ ಕರ್ಕಿಗೆ ಹೋಗಿ ಹೆಕ್ಕಿ ತರೂಕಾತದೆ. ಇಳಿತ ಮುಗಿದ ಮೇಲೆ ಅಳಿವೆ ಹತ್ರ ನಿಂತು ಸಿಪ್ಪೆ ಎತ್ತ ಹೋತದೆ ನೋಡ್ತೆ. ಹೊಟ್ಟೆಪಾಡು, ಮತ್ತೆಂತ ಇಲ್ಲ."

ಕೇಳಿದ ಯಾರಿಗಾದರೂ ಅವಳು ಅದನ್ನು ಹೇಳುತ್ತಿದ್ದಳು. ಇಪ್ಪತ್ತೆರಡು ವರ್ಷ ಒಂದು ಅಂಗಳದಾಚೆ ಬೆಳೆದ ನಾನು ಕೇಳಿರಲಿಲ್ಲ.

ಮೇಷ್ಟ್ರು ಬರೆದುಕೊಂಡರು. ನನ್ನ ನಕ್ಷೆಗಳನ್ನು ಅವರು ಯಾವತ್ತೂ ಅಷ್ಟು ಹೊತ್ತು ನೋಡಿರಲಿಲ್ಲ. ಆಮೇಲೆ ಅವಳಿಗೇ ವಿವರಿಸಿದರು, ನನಗಲ್ಲ. ನೀರನ್ನು ತಳ್ಳುವುದು ಗಾಳಿಯೇ ನಿಜ, ಆದರೆ ಅದು ಇಲ್ಲಿಯ ಗಾಳಿಯೇ ಆಗಬೇಕೆಂದಿಲ್ಲ. ಬಂಗಾಳ ಕೊಲ್ಲಿಯಲ್ಲಿ ಮಳೆಯ ನೀರು, ದೊಡ್ಡ ನದಿಗಳ ನೀರು ಸೇರಿ ಕಡಲು ಹಗುರವಾಗಿರುತ್ತದೆ. ಚಳಿಗಾಲದ ಗಾಳಿಗೆ ಆ ನೀರು ಸಿಂಹಳವನ್ನು ಸುತ್ತಿ ಈಚೆಗೆ ಬರುತ್ತದೆ. ಆಗ ತೆಂಕಲ್ಲಿ ಕಡಲಿನ ಮಟ್ಟ ಬೆರಳಲ್ಲಿ ಅಳೆಯುವಷ್ಟು ಎತ್ತರ, ಬಡಗಲ್ಲಿ ಅಷ್ಟೇ ತಗ್ಗು. ಎತ್ತರದಿಂದ ತಗ್ಗಿಗೆ ನೀರು ದಡ ಹಿಡಿದು ಹೊರಡುತ್ತದೆ. ಇಲ್ಲಿಯ ಗಾಳಿ ಎದುರು ಬೀಸಿದರೂ ತಡೆಯಲು ಸಾಲದು. "ಇದು ನನ್ನ ಊಹೆ. ಪೂರ್ತಿ ನನಗೂ ಗೊತ್ತಿಲ್ಲ" ಎಂದರು.

"ಬಂಗಾಳದಿಂದಲಾ?" ಎಂದಳು ಚಿಕ್ಕಿ. "ಟಿಕೇಟು ಇಲ್ಲದೇ ಬಂದದೆ ಅನ್ನಿ."

ಮೇಷ್ಟ್ರು ಜೋರಾಗಿ ನಕ್ಕರು. ಅಪ್ಪನೂ ನಕ್ಕರು. ನಾನು ಚಹದ ಲೋಟಗಳನ್ನು ಒಳಗೆ ಒಯ್ದೆ.

ಹೊರಡುವಾಗ ಮೇಷ್ಟ್ರು ಹೇಳಿದರು, "ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಆ ಅಮ್ಮನ ಹೆಸರು ಮೊದಲು ಬರಬೇಕು."

ಅದಾಗಿ ಕೆಲವು ದಿನಕ್ಕೆ ಚಿಕ್ಕಿ ಕರ್ಕಿಯಿಂದ ಸೌದೆಯ ಹೊರೆ ಹೊತ್ತು ಬಂದವಳು ಮನೆಗೂ ಹೋಗದೆ ನೇರ ನಮ್ಮ ಜಗುಲಿಗೆ ಬಂದಳು. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಕಾರ್ಡನ್ನು ತೆಗೆದು, ಸೆರಗಿನಿಂದ ಮರಳು ಒರೆಸಿ, ನನ್ನ ಕೈಯಲ್ಲಿಟ್ಟಳು.

"ನಂಗೂ ಒಂದು ಸಿಕ್ತು ಕಾಣು. ಅದ್ರಲ್ಲಿ ಬರೂಕೆ ಉಂಟಲ್ಲ, ನೀನೇ ಬರಿ. ಕರ್ಕಿ. ಮತ್ತೆ ನನ್ನ ಹೆಸರು." ದಿನವನ್ನೂ ಹೇಳಿದಳು. ಅಮಾವಾಸ್ಯೆ ಕಳೆದು ಎಷ್ಟನೆಯದೋ ದಿನ ಎಂದು ಅವಳ ಲೆಕ್ಕದಲ್ಲಿ. "ಇದನ್ನೂ ಹಾಕ್ತೆ ಅಲ್ದಾ ಪುಸ್ತಕಕ್ಕೆ?"

"ಹೂಂ" ಎಂದೆ. ಹಾಕಲಿಲ್ಲ. ಅಂಚೆಯ ಮೂಲಕ ಬಂದ ಕಾರ್ಡುಗಳನ್ನು ಮಾತ್ರ ಪರಿಗಣಿಸಲಾಗಿದೆ ಎಂದು ಪ್ರಬಂಧದಲ್ಲಿ ಒಂದು ವಾಕ್ಯ ಬರೆದೆ. ವಾಕ್ಯದಲ್ಲಿ ಯಾವ ದೋಷವೂ ಇರಲಿಲ್ಲ. ಕನ್ನಡದಲ್ಲಿ ಬರೆದದ್ದು ಕೃತಜ್ಞತೆಯ ಪುಟವೊಂದನ್ನೇ. ಅದರಲ್ಲಿ ಮೇಷ್ಟ್ರು, ಗ್ರಂಥಪಾಲಕರು, ಬೆರಳಚ್ಚು ಮಾಡಿಕೊಟ್ಟವರು, ಎಲ್ಲರ ಹೆಸರಿತ್ತು. ಕೊನೆಯಲ್ಲಿ 'ಕಾಸರಕೋಡಿನ ಮೀನುಗಾರ ಬಂಧುಗಳಿಗೆ' ಎಂದು ಬರೆದೆ. ಮೇಷ್ಟ್ರು ಆ ಹೊತ್ತಿಗೆ ಬೇರೆ ಊರಿಗೆ ವರ್ಗವಾಗಿದ್ದರು.

ರಟ್ಟು ಹಾಕಿಸಿದ ಪುಸ್ತಕವನ್ನು ಮನೆಗೆ ತಂದ ದಿನ ಚಿಕ್ಕಿ ಕೈ ತೊಳೆದುಕೊಂಡು ಬಂದಳು.

"ನನ್ನ ಹೆಸರು ಅದೆಯಾ ಇದ್ರಲ್ಲಿ?"

"ಅದೆ."

"ಎಲ್ಲಿ, ತೋರ್ಸು."

ನಾನು ಆ ಪುಟ ತೆಗೆದು 'ಕಾಸರಕೋಡಿನ' ಎಂಬ ಪದದ ಮೇಲೆ ಬೆರಳಿಟ್ಟೆ. ಚಿಕ್ಕಿ ಬಗ್ಗಿ ನೋಡಿದಳು. ನಾನು ಬೆರಳು ತೆಗೆದ ಮೇಲೆ ತನ್ನ ಬೆರಳನ್ನು ಅದೇ ಜಾಗದಲ್ಲಿಟ್ಟು, ಆ ತುದಿಯಿಂದ ಈ ತುದಿಯವರೆಗೆ ಸವರಿದಳು. "ಇಷ್ಟು ಉದ್ದ ಅದೆಯಾ ನನ್ನ ಹೆಸರು..." ಎಂದಳು. ಆಮೇಲೆ ಬುಟ್ಟಿ ಹೊತ್ತು ಹೋದಲ್ಲೆಲ್ಲ ಅದನ್ನು ಹೇಳಿದಳು.

ಅಪ್ಪ ನಾಲ್ಕನೆಯ ಇಯತ್ತೆಯ ತನಕ ಓದಿದವರು. ಒಂದು ಮಧ್ಯಾಹ್ನ ಪುಸ್ತಕವನ್ನು ಬೆಳಕಿಗೆ ಹಿಡಿದು ಆ ಪುಟವನ್ನು ಅಕ್ಷರಕ್ಕೆ ಅಕ್ಷರ ಕೂಡಿಸುತ್ತ ಓದುವುದನ್ನು ನಾನು ಒಳಗಿನಿಂದ ನೋಡಿದೆ. ತುಂಬ ಹೊತ್ತು ಓದಿದರು. ಮುಚ್ಚಿ, ಇದ್ದ ಜಾಗದಲ್ಲೇ ಇಟ್ಟರು. ನನ್ನನ್ನು ಏನೂ ಕೇಳಲಿಲ್ಲ. ಚಿಕ್ಕಿಗೂ ಹೇಳಲಿಲ್ಲ ಎಂದು ಬಲ್ಲೆ, ಏಕೆಂದರೆ ಅವಳು ಕೊನೆಯವರೆಗೂ ನನ್ನನ್ನು ಕಂಡರೆ ಒಂದು ಹಿಡಿ ಒಣಸಿಗಡಿ ಪೊಟ್ಟಣ ಕಟ್ಟಿ ಕೊಡುತ್ತಿದ್ದಳು.

ನನಗೆ ಕುಮಟೆಯ ಕಾಲೇಜಿನಲ್ಲಿ ಕೆಲಸವಾಯಿತು. ಮೂರು ವರ್ಷದ ಹಿಂದೆ ಒಂದು ಮಳೆಗಾಲದಲ್ಲಿ ಚಿಕ್ಕಿ ತೀರಿಕೊಂಡಳು. ಸುದ್ದಿ ತಲಪಿ ನಾನು ಹೋಗುವಾಗ ಎಲ್ಲ ಮುಗಿದಿತ್ತು. ಅವಳ ಬಾಗಿಲ ಮುಂದೆ ಕಡಲು ತಂದು ಹಾಕಿದ ಕೊಂಬೆಗಳು ಹಾಗೇ ಬಿದ್ದಿದ್ದವು, ಹೆಕ್ಕುವವರಿಲ್ಲದೆ.

ಆ ವರ್ಷ ಚಳಿಗಾಲದ ರಜೆಯಲ್ಲಿ ಊರಿಗೆ ಹೋದೆ. ಮಧ್ಯಾಹ್ನ ಜಗುಲಿಯಲ್ಲಿ ಕುಳಿತೆ. ಈಗ ಅಪ್ಪನಿಗೆ ಕೇಳಲು ನಾನೊಬ್ಬಳೇ ಉಳಿದಿದ್ದೆ. ಬಡಗ ಎಂದು ಹೇಳಲು ಸಿದ್ಧವಾಗಿದ್ದೆ, ಸತ್ತವಳ ಜಾಗ ತೆರವಾಯಿತೆಂದು ಸಿದ್ಧವಾಗಿದ್ದೆ ಎನ್ನುವುದನ್ನೂ ಇಲ್ಲಿ ಬರೆಯಬೇಕು. ಅಪ್ಪ ಬಲೆ ಹೇರಿ ಬಂದರು. ನನ್ನ ಮುಂದೆಯೇ ಹಾದು, ಖಾಲಿ ಅಂಗಳವನ್ನೂ ದಾಟಿ, ಅಳಿವೆಯತ್ತ ನಡೆದರು. ನಾನು ಎದ್ದು ನೋಡಿದೆ. ಅವರ ಕೈಯಲ್ಲಿ ಒಂದು ತೆಂಗಿನ ಸಿಪ್ಪೆಯಿತ್ತು. ಅದನ್ನು ನೀರಿಗೆಸೆದು, ಸೊಂಟದ ಮೇಲೆ ಕೈಯಿಟ್ಟು, ಅದು ತಿರುಗುವವರೆಗೆ ನಿಂತರು. ನಂತರ ದೋಣಿ ಹತ್ತಿ ಹೊರಟರು. ಈಗಲೂ ಹಾಗೆಯೇ ಮಾಡುತ್ತಾರೆ.

ಕಾರ್ಡು ಮೇಜಿನ ಮೇಲಿದೆ. ನಿನ್ನೆ ಪ್ಲಾಸ್ಟಿಕ್ ಬಿಡಿಸಿ ಪೆನ್ನು ತೆಗೆದುಕೊಂಡೆ. ಸಿಕ್ಕಿದ ಜಾಗ: ಕರ್ಕಿ. ಹೆಸರನ್ನೂ ಬರೆದೆ. ಬರೆಯಬೇಕಾದಲ್ಲಿ ಬರೆಯದವಳು ನಾನು. ಆ ಹೆಸರನ್ನು ಇಲ್ಲಿ ಎಲ್ಲರ ಕಣ್ಣೆದುರು ಬರೆದು ಹಗುರಾಗಲಾರೆ. ಮೂರೇ ಅಕ್ಷರದ ಹೆಸರು, ಉದ್ದವೇನಿಲ್ಲ.

ದಿನ ಮಾತ್ರ ಗೊತ್ತಿಲ್ಲ. ಅಮಾವಾಸ್ಯೆ ಕಳೆದು ಮೂರೋ, ಐದೋ... ಅವಳು ಸ್ಪಷ್ಟವಾಗಿಯೇ ಹೇಳಿದ್ದಳು, ನಾನು ಕೇಳಿಸಿಕೊಂಡಿರಲಿಲ್ಲ. ದಿನವಿಲ್ಲದ ಕಾರ್ಡಿನಿಂದ ನೀರಿನ ವೇಗ ತಿಳಿಯುವುದಿಲ್ಲ. ಅವಳು ಕಾರ್ಡು ತಂದ ದಿನ ಅಪ್ಪ ಜಗುಲಿಯ ಕೆಳಗೇ ಬಲೆ ಹೊಲಿಯುತ್ತಿದ್ದರು. ಅವರಿಗೆ ನೆನಪಿರಬಹುದು. ಭಾನುವಾರ ಊರಿಗೆ ಹೋಗಿ, ಈ ಕಾರ್ಡನ್ನು ಅವರ ಮುಂದಿಟ್ಟು ಕೇಳಬೇಕು. ಕಾರ್ಡನ್ನು ಚೀಲದಲ್ಲಿ ಇಡುತ್ತೇನೆ, ತೆಗೆಯುತ್ತೇನೆ...