ನವಲಗುಂದದಿಂದ ಗಬ್ಬೂರಿನ ಪೆಟ್ಟಿಗೆಗೆ

ಗೀತಾಂಜಲಿ ಕಂಡಕ್ಟರ್ ಕೆಲಸಕ್ಕೆ ಸೇರಿ ಹದಿನಾರು ವರ್ಷವಾಗಿತ್ತು. ಹುಬ್ಬಳ್ಳಿ–ನವಲಗುಂದ ಬಸ್ಸಿನಲ್ಲಿ ಅವಳ ದನಿ ಕೇಳಿದರೆ ಸಾಕು, ಬಾಗಿಲಲ್ಲಿ ನಿಂತವರು ತಾವಾಗಿಯೇ ಒಳಗೆ ಸರಿಯುತ್ತಿದ್ದರು. ಡಿಪೋಕ್ಕೆ ಹೊಸ ಟಿಕೆಟ್ ಮಷೀನು ಬಂದಾಗ ಹಿರಿಯರು ಅದನ್ನು ಮುಟ್ಟಲು ಹಿಂದೆ ಮುಂದೆ ನೋಡುತ್ತಿದ್ದರು. ಇವಳು ಅದರ ಜೊತೆಗಿದ್ದ ಸಣ್ಣ ಪುಸ್ತಕವನ್ನು ಮನೆಗೊಯ್ದು ಎರಡು ದಿನ ಕೂತು ಓದಿದಳು. ಮುಂದೆ ಯಾರ ಮಷೀನು ಮುನಿಸಿಕೊಂಡರೂ ಮಾತು ಒಂದೇ: "ಗೀತಕ್ಕಗ ತೋರಸ್ರಿ."

ಮನೆ ಹುಬ್ಬಳ್ಳಿಯಂಚಿನ ಗಬ್ಬೂರಿನಲ್ಲಿ. ಗಂಡ ಸಿದ್ಧಾರೂಢ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ವೆಲ್ಡರ್. ಅತ್ತೆ ಬೀರವ್ವ ಹಿತ್ತಲಲ್ಲಿ ಜವಾರಿ ಕೋಳಿ ಸಾಕಿದವಳು. ಆ ಮರಿಗಳನ್ನು ಕೇಳಿಕೊಂಡು ಬರುವವರು ಬಹಳ, ಆದರೆ ಕಾವಿಗೆ ಕೂರುವ ಕೋಳಿ ತನಗೆ ಮನಸ್ಸು ಬಂದಾಗಲೇ ಕೂರುತ್ತಿತ್ತು. ಹೀಗಾಗಿ ಸಿದ್ಧಾರೂಢ ತನ್ನ ಕಾರ್ಖಾನೆಯ ಪಕ್ಕದ ಸಣ್ಣ ವರ್ಕ್‌ಶಾಪಿನವರಿಂದ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯೊಂದನ್ನು ಮಾಡಿಸಿ ತಂದ. ಒಂದು ಸಲಕ್ಕೆ ನೂರಿಪ್ಪತ್ತು ಮೊಟ್ಟೆ, ಇಪ್ಪತ್ತೊಂದು ದಿನ, ಒಳಗೆ ಮೂವತ್ತೇಳೂವರೆ ಡಿಗ್ರಿ ಬಿಸಿ.

ಮೊದಲ ಸಲ ಹೊರಬಂದದ್ದು ಹದಿನೇಳೇ ಮರಿ.

ಹಗಲು ಹೊತ್ತು ಗಂಡ ಹೆಂಡತಿ ಇಬ್ಬರೂ ಕೆಲಸದ ಮೇಲೆ. ಕರೆಂಟು ಹೋಗಿ ಬಂದಾಗ ಪೆಟ್ಟಿಗೆಯ ಬಿಸಿ ಏನಾಯಿತೆಂದು ನೋಡುವವರಿಲ್ಲ. "ಆ ಕೆಂಪು ಅಂಕಿ ನನ್ನ ಕಣ್ಣಿಗೆ ಹತ್ತಂಗಿಲ್ಲವಾ" ಎಂದು ಬೀರವ್ವ ಮೊದಲೇ ಹೇಳಿಬಿಟ್ಟಿದ್ದಳು. ಪೆಟ್ಟಿಗೆಯನ್ನು ವೈಫೈಗೆ ಕೂಡಿಸಿದರೆ ಅದರ ಬಿಸಿ ಮೊಬೈಲಿನ ಒಂದು ಪುಟದಲ್ಲಿ ಕಾಣುತ್ತಿತ್ತು, ಅಲ್ಲಿಂದಲೇ ಹೆಚ್ಚು ಕಡಿಮೆ ಮಾಡಲೂ ಬರುತ್ತಿತ್ತು. ಆದರೆ ಅದೆಲ್ಲ ಮನೆಯೊಳಗಿದ್ದಾಗ ಮಾತ್ರ. ಹೊಸ್ತಿಲು ದಾಟಿ ನಾಲ್ಕು ಹೆಜ್ಜೆ ಹೋದರೆ ಆ ಪುಟ ತೆರೆಯುತ್ತಲೇ ಇರಲಿಲ್ಲ.

ಇಂಟರ್‌ನೆಟ್ ಕಂಪನಿಯ ಕಪಿಲನಿಗೆ ಗೀತಾಂಜಲಿ ಫೋನು ಮಾಡಿದಳು. ಓಣಿಯ ಅರ್ಧ ಮನೆಗಳಿಗೆ ಲೈನು ಎಳೆದವನು ಅವನೇ.

"ಇಷ್ಟ ಏನ್ರಿ ಅಕ್ಕಾರ? ರೌಟರ್‌ದಾಗ ಒಂದು ದಾರಿ ತೆಗದ್ರ ಮುಗೀತು" ಎಂದ ಕಪಿಲ. ಕುರ್ಚಿಯ ಮೇಲೆ ಕೂತು ಲ್ಯಾಪ್‌ಟಾಪಿನಲ್ಲಿ ಏನೇನೋ ಒತ್ತಿ, ತನ್ನ ಮೊಬೈಲಿನಲ್ಲಿ ಪೆಟ್ಟಿಗೆಯ ಪುಟ ತೆರೆದು ತೋರಿಸಿದ. ಚಹಾ ಕುಡಿದು ಹೋದ.

ಮರುದಿನ ನವಲಗುಂದದ ಬಸ್ ನಿಲ್ದಾಣದಲ್ಲಿ ಜನ ಇಳಿದ ಮೇಲೆ ಗೀತಾಂಜಲಿ ಮೊಬೈಲು ತೆಗೆದಳು. ಡ್ಯೂಟಿಯಲ್ಲಿ ಅವಳು ಅದನ್ನು ಹಿಡಿಯುತ್ತಿರಲಿಲ್ಲ, ಬಸ್ಸು ನಿಂತಾಗ ಮಾತ್ರ. ಪುಟ ತೆರೆಯಲಿಲ್ಲ. ಮತ್ತೆ ಒತ್ತಿದಳು. ಇಲ್ಲ. ಬಸ್ಸು ಹುಬ್ಬಳ್ಳಿಗೆ ಮರಳುವಷ್ಟರಲ್ಲಿ ಅವಳಿಗೆ ಒಂದು ಸಂಗತಿ ಹೊಳೆದಿತ್ತು. ಸಂಜೆ ಕಪಿಲನಿಗೆ ಫೋನು ಮಾಡಿದಳು.

"ತಮ್ಮಾ, ನಿನ್ನಿ ನೋಡೋವಾಗ ನಿನ್ನ ಮೊಬೈಲು ನಮ್ಮನಿ ವೈಫೈದಾಗ ಇತ್ತಲ್ಲ?"

"ಹೂಂನ್ರಿ."

"ಮತ್ತ ಮನ್ಯಾಗ ಕುಂತು ಮನಿ ನೋಡಿದಂಗಾತು. ಹೊರಗಿಂದ ನೋಡಬೇಕಂದ್ರ ವೈಫೈ ಬಂದ್ ಮಾಡಿ ನೋಡಬೇಕಿತ್ತು."

ವಾರದ ರಜೆಯ ದಿನ ಅವಳು ರೌಟರನ್ನು ಗೋಡೆಯಿಂದ ಇಳಿಸಿ ಮುಂದಿಟ್ಟುಕೊಂಡಳು. ಅದರ ಅಡಿಯ ಚೀಟಿಯಲ್ಲಿದ್ದ ವಿಳಾಸವನ್ನು ಮೊಬೈಲಿನಲ್ಲಿ ಒತ್ತಿ ರೌಟರಿನ ಪುಟದ ಒಳಗೆ ಹೋದಳು. ಪಾಸ್‌ವರ್ಡು ಕಂಪನಿ ಕೊಟ್ಟದ್ದೇ ಇತ್ತು, ಎಲ್ಲ ಮನೆಗೂ ಒಂದೇ. ಮೊದಲು ಅದನ್ನು ಬದಲಿಸಿ ಉದ್ದನೆಯದೊಂದನ್ನು ಇಟ್ಟಳು. ಆಮೇಲೆ ಒಂದೊಂದೇ ಪುಟ ಓದುತ್ತ, ತಿಳಿಯದ ಮಾತನ್ನು ಮೊಬೈಲಿನಲ್ಲಿ ಹುಡುಕುತ್ತ ಹಾಳೆಯ ಮೇಲೆ ಬರೆದುಕೊಂಡಳು. ಮಧ್ಯಾಹ್ನ ಬೀರವ್ವ ಎರಡು ಸಲ ಊಟಕ್ಕೆ ಕರೆದು, ಮೂರನೆಯ ಸಲ ರೊಟ್ಟಿ ಪಲ್ಯವನ್ನು ತಂದು ಅವಳ ಪಕ್ಕದಲ್ಲೇ ಇಟ್ಟು ಹೋದಳು.

ರೌಟರ್ ಇಂಟರ್‌ನೆಟ್ಟಿನಲ್ಲಿ ತನ್ನ ಹೊರಗಿನ ವಿಳಾಸ ಎಂದು ಒಂದು ಅಂಕಿ ತೋರಿಸುತ್ತಿತ್ತು. ವಿಳಾಸ ತೋರಿಸುವ ಹೊರಗಿನ ವೆಬ್‌ಸೈಟಿನಲ್ಲಿ ನೋಡಿದರೆ ಅದೇ ಮನೆಯ ವಿಳಾಸ ಬೇರೆಯದೇ ಇತ್ತು. ಎರಡೂ ಒಂದೇ ಇರಬೇಕಲ್ಲ ಎಂದು ಅವಳು ಬಹಳ ಹೊತ್ತು ಓದಿದಳು. ಸಂಜೆಯ ಹೊತ್ತಿಗೆ ಅರ್ಥವಾಯಿತು. ಕಪಿಲನನ್ನು ಕರೆಸಿ ಎರಡು ಅಂಕಿಯನ್ನೂ ತೋರಿಸಿದಳು.

"ಓಣ್ಯಾಗಿನ ಎಷ್ಟೋ ಮನಿಗೆ ನಿಮ್ಮ ಕಂಪನಿಯವರು ಹೊರಗ ಒಂದ ವಿಳಾಸ ಕೊಟ್ಟಾರ. ನಾ ನವಲಗುಂದದಾಗ ನಿಂತು ಬಾಗಲಾ ಬಡದ್ರ, ಅದು ಯಾರ ಮನಿ ಬಾಗಲಾ ಅಂತ ಹೆಂಗ ಗೊತ್ತಾಗಬೇಕು? ನನಗ ಬ್ಯಾರೆ ವಿಳಾಸ ಬೇಕು."

"ಅದನ್ನ ಮನಿ ಗಿರಾಕಿಗೆ ಕೊಡಂಗಿಲ್ರಿ ಅಕ್ಕಾರ. ಆಫೀಸಿನ್ಯಾಗ ಅಮರೇಶ ಸಾಹೇಬ್ರನ್ನ ಕೇಳಬೇಕು."

ಕೇಳಲು ಅವಳೇ ಹೋದಳು, ಡ್ಯೂಟಿ ಮುಗಿಸಿ, ಖಾಕಿ ಅಂಗಿಯಲ್ಲೇ. ಅಮರೇಶ ಕಂಪನಿಯ ಹುಬ್ಬಳ್ಳಿ ಆಫೀಸಿನ ಮ್ಯಾನೇಜರ್. ಇಡೀ ಮಾತು ಕೇಳಿಸಿಕೊಂಡು ಕೇಳಿದ: "ಹಂಗ ಬ್ಯಾರೆ ವಿಳಾಸ, ಅಂದ್ರ ಸ್ಟ್ಯಾಟಿಕ್ ಐಪಿ, ಅಂಗಡಿ, ಫ್ಯಾಕ್ಟರಿಗೆ ಕೊಡ್ತೇವ್ರಿ. ಮನಿಗೆ ಯಾಕ ಬೇಕು?"

"ಕೋಳಿ ಮರೀಗೆ" ಎಂದಳು ಗೀತಾಂಜಲಿ.

ಅಮರೇಶ ನಕ್ಕ. ಅವಳು ನಗದೆ, ತಾನು ಬರೆದು ತಂದಿದ್ದ ಹಾಳೆಯನ್ನು ಅವನ ಮುಂದೆ ಬಿಡಿಸಿಟ್ಟಳು. ಎರಡು ವಿಳಾಸ, ರೌಟರಿನ ಮಾಡೆಲ್ಲು, ಎಲ್ಲಿಂದ ಎಲ್ಲಿಗೆ ದಾರಿ ಕಡಿದಿದೆ ಎಂಬ ಚಿತ್ರ, ಎಲ್ಲ ಅದರಲ್ಲಿತ್ತು. ಅವನು ಹಾಳೆಯನ್ನು ಕೊನೆಯವರೆಗೆ ಓದಿದ. "ಇದನ್ನ ಯಾರು ಮಾಡಿಕೊಟ್ರು ನಿಮಗ?"

"ಯಾರ ಮಾಡಿಕೊಡ್ತಾರ್ರಿ? ನಾನ ಮಾಡೇನಿ. ಅರ್ಜಿ ಎಲ್ಲಿ ಬರೀಬೇಕು, ಹೇಳ್ರಿ."

ನಾಲ್ಕು ದಿನದಲ್ಲಿ ವಿಳಾಸ ಬಂತು. ಕಪಿಲ ಖುಷಿಯಿಂದಲೇ ಬಂದು, ಹೊರಗಿಂದ ನೇರ ಪೆಟ್ಟಿಗೆಗೆ ದಾರಿ ತೆಗೆಯಲು ಕೂತ. ಗೀತಾಂಜಲಿ ಅವನ ಕೈ ತಡೆದಳು.

"ಪೆಟ್ಟಿಗಿ ಪುಟಕ್ಕ ಪಾಸ್‌ವರ್ಡ್ ಐತೇನು?"

"ಇಲ್ರಿ."

"ಹಂಗಾರ ನಾ ಬರೋ ದಾರಿಲೆ ಯಾರು ಬೇಕಾದ್ರೂ ಬರ್ತಾರ. ಬ್ಯಾಡ. ಇದ ರೌಟರ್‌ದಾಗ ವಿಪಿಎನ್ ಅಂತ ಕೀಲಿ ಹಾಕಿದ ದಾರಿ ಐತಿ, ನೋಡೇನಿ. ಅದನ್ನ ಚಾಲೂ ಮಾಡು. ನನ್ನ ಮೊಬೈಲಿಗೆ ಮಾತ್ರ ಕೀಲಿ ಇರಲಿ. ಅದು ಮನಿಗೆ ಬಂದು ಸೇರಿದ ಮ್ಯಾಲ ಪೆಟ್ಟಿಗಿ ಕಾಣಲಿ."

ಕಪಿಲನಿಗೆ ಅದು ಹೊಸದು. ಇಬ್ಬರೂ ಸೇರಿ ಮಾಡಿದರು. ಕರೆಂಟು ಹೋಗಿ ಬಂದರೆ ಮನೆಯೊಳಗೆ ರೌಟರ್ ಪೆಟ್ಟಿಗೆಗೆ ಕೊಟ್ಟ ನಂಬರು ಬದಲಾಗದಂತೆ ಅದನ್ನು ಅಲ್ಲೇ ಕಾಯಂ ಮಾಡಿದರು. ರೌಟರಿಗೆ ಸಣ್ಣದೊಂದು ಬ್ಯಾಟರಿ ಕೂಡಿಸಿದರು. ಕೊನೆಗೆ ಗೀತಾಂಜಲಿ ಮೊಬೈಲಿನ ವೈಫೈ ಬಂದ್ ಮಾಡಿ, ಬೈಪಾಸ್ ರಸ್ತೆಯ ತನಕ ನಡೆದುಹೋಗಿ, ಲಾರಿಗಳ ಧೂಳಿನಲ್ಲಿ ನಿಂತು ಪುಟ ತೆರೆದಳು. 37.5 ಎಂದಿತು.

ಎರಡನೆಯ ಸಲದ ಮೊಟ್ಟೆ ಇಟ್ಟು ಹದಿನಾರನೆಯ ದಿನ. ನವಲಗುಂದದಲ್ಲಿ ಬಸ್ಸು ನಿಂತಿತ್ತು, ಡ್ರೈವರ್ ಶರೀಫಸಾಬ ಚಹಾಕ್ಕೆ ಇಳಿದಿದ್ದ. ಗೀತಾಂಜಲಿ ಮೊಬೈಲು ನೋಡಿದಳು. 38.6. ನೋಡುತ್ತಿದ್ದಂತೆಯೇ 38.7 ಆಯಿತು. ಅತ್ತೆಗೆ ಫೋನು ಹಚ್ಚಿದಳು, ಎತ್ತಲಿಲ್ಲ. ಇನ್ನೊಮ್ಮೆ ಹಚ್ಚಲು ಹೊತ್ತು ಕಳೆಯದೆ ಪುಟವನ್ನು ಕೆಳಗೆ ಸರಿಸಿದಳು. ಪೆಟ್ಟಿಗೆಗೆ ಇಷ್ಟು ಬಿಸಿ ಮಾಡು ಎಂದು ಹೇಳಿಟ್ಟ ಅಂಕಿಯೇ 40 ಆಗಿ ಕೂತಿತ್ತು. ಅದನ್ನು ಅಳಿಸಿ ಮೂವತ್ತೇಳೂವರೆ ಬರೆದು ಒತ್ತಿದಳು. ಒಳಗಿನ ಫ್ಯಾನು ಜೋರು ಮಾಡಿದಳು. ಅಂಕಿ 38.8ರ ತನಕ ಹೋಯಿತು, ಅಲ್ಲೇ ನಿಂತಿತು, ಇಳಿಯತೊಡಗಿತು.

"ಯಾಕವಾ, ಮಾರಿ ಹಿಂಗ್ಯಾಕಾಗೇತಿ?" ಎಂದು ಶರೀಫಸಾಬ ಕೇಳಿದ.

"ಏನಿಲ್ಲ ಕಾಕಾ. ಮನಿಗೆ ಹೋಗಿ ಬಂದೆ" ಎಂದಳು. ಅವನು ಅವಳನ್ನೂ ಬಸ್ಸನ್ನೂ ನೋಡಿ, ಏನೂ ತಿಳಿಯದೆ ತನ್ನ ಸೀಟಿಗೆ ಹತ್ತಿದ.

ಸಂಜೆ ಬೀರವ್ವ ತಾನಾಗಿಯೇ ಹೇಳಿದಳು, ದನಿ ಸಣ್ಣಗಿತ್ತು. "ಪೆಟ್ಟಿಗಿ ಧೂಳಾಗಿತ್ತಂತ ಅರಿವೀಲೆ ಒರಸೇನಿ ನೋಡು. ಟೊಂಯ್ ಟೊಂಯ್ ಅಂತ ಒದರ್ತು. ಆಮ್ಯಾಲ ಮೆಣಸಿನಕಾಯಿ ಹರವಾಕ ಮಾಳಿಗಿ ಮ್ಯಾಲ ಹೋದೆ. ಎಲ್ಲಾ ಹಾಳ ಮಾಡಿದ್ನೇನ?"

"ಇಲ್ರಿ ಅತ್ತಿ. ನಿಮ್ಮ ಕೈ ಬಿಸಿ ಹೆಚ್ಚ ಮಾಡೋ ಗುಂಡಿಗೆ ಬಡದೈತಿ, ಅಷ್ಟ. ಗುಂಡಿಗೆ ಲಾಕ್ ಹಾಕೋದು ನಾ ಮರತಿದ್ದೆ."

ಅಂದೇ ಲಾಕ್ ಹಾಕಿದಳು. ಅಷ್ಟಕ್ಕೇ ಬಿಡದೆ ಅತ್ತೆಯ ಮೊಬೈಲಿನಲ್ಲೂ ಪೆಟ್ಟಿಗೆಯ ಪುಟ ತೆರೆದುಕೊಟ್ಟು, ಅಂಕಿಯನ್ನು ಅವಳ ಕಣ್ಣಿಗೆ ಹತ್ತುವಷ್ಟು ದೊಡ್ಡದು ಮಾಡಿದಳು. ಅಂದಿನಿಂದ ಬೀರವ್ವ ತಾಸಿಗೊಮ್ಮೆ ಅದನ್ನು ಗಟ್ಟಿಯಾಗಿ ಓದುತ್ತಿದ್ದಳು, ಮೊಟ್ಟೆಗಳಿಗೇ ಓದಿ ಹೇಳುವವಳಂತೆ.

ಇಪ್ಪತ್ತೊಂದನೆಯ ದಿನ ನೂರಾ ಒಂದು ಮರಿ ಹೊರಬಂದವು. ಗೀತಾಂಜಲಿ ಡ್ಯೂಟಿಯಿಂದ ಬಂದಾಗ ಗಂಡ ಬಾಗಿಲಲ್ಲೇ ನಿಂತಿದ್ದ, ಒಳಗಿಂದ ಚಿಂವ್ ಚಿಂವ್ ಸದ್ದು ಬೀದಿಗೇ ಕೇಳುತ್ತಿತ್ತು.

ಮರುವಾರ ಕಪಿಲನ ಫೋನು ಬಂತು. ಹೆಬ್ಬಳ್ಳಿ ಹಳ್ಳಿಯ ದಾಕ್ಷಾಯಿಣಿ ಎಂಬವರು ಹೊಲದ ಪಂಪನ್ನು ಧಾರವಾಡದಲ್ಲಿ ಕೂತು ನೋಡಬೇಕಂತೆ. "ಅಕ್ಕಾರ, ನೀವು ಬರದ ಹಾಳಿ ಆಫೀಸಿನ್ಯಾಗ ಸಾಹೇಬ್ರು ಗ್ವಾಡಿಗೆ ಹಚ್ಯಾರ. ಆದ್ರ ಅದನ್ನ ಓದಿ ಒಬ್ಬನ ಮಾಡಾಕ ನನಗ ಧೈರ್ಯ ಇಲ್ರಿ. ಒಂದ್ಸಲ ಬರ್ತೀರೇನು?"

"ಸೋಮವಾರ ನನಗ ರಜಾ. ಮುಂಜಾನೆ ಒಂಬತ್ತಕ್ಕ ಗಾಡಿ ತಗೊಂಡು ಬಾ" ಎಂದಳು ಗೀತಾಂಜಲಿ. "ಅಲ್ಲಿಗೆ ಹೋದ ಕೂಡಲೇ ಮೊದಲು ರೌಟರ್ ಪಾಸ್‌ವರ್ಡ್ ಬದಲ ಮಾಡೂಣು. ಉಳದದ್ದು ಆಮ್ಯಾಲ."